ಗೆಜ್ಜೆಪೂಜೆಯಿಂದ ರಂಗಪ್ರವೇಶದವರೆಗೆ



'ರಂಗಪ್ರವೇಶ' ಎಂಬ ಪದವನ್ನು ನೀವು ಆಮಂತ್ರಣ ಪತ್ರಿಕೆಗಳಲ್ಲಿ ಓದಿರುತ್ತೀರಿ. ಹಲವು ವರ್ಷ ಭರತನಾಟ್ಯ ಕಲಿತ ವಿದ್ಯಾರ್ಥಿನಿಯೊಬ್ಬಳು ಮೊದಲ ಬಾರಿಗೆ ಒಬ್ಬಳೇ ವೇದಿಕೆಗೆ ಬಂದು, ಹಾಡುಗಾರಿಕೆ, ಮೃದಂಗ, ವೀಣೆ ಅಥವಾ ಕೊಳಲಿನ ಹಿಮ್ಮೇಳದೊಂದಿಗೆ ಸುಮಾರು ಎರಡು ಗಂಟೆಗಳ ಕಾಲ ನರ್ತಿಸುವ ಸಂಜೆಗೆ ಈ ಹೆಸರು. ತಮಿಳಿನಲ್ಲಿ ಇದನ್ನು 'ಅರಂಗೇಟ್ರಂ' ಎನ್ನುತ್ತಾರೆ. 'ಅರಂಗು' ಎಂದರೆ ರಂಗ, 'ಏಟ್ರಂ' ಎಂದರೆ ಏರುವಿಕೆ. ನಾವು ರಂಗವನ್ನು ಪ್ರವೇಶಿಸುತ್ತೇವೆ, ಅವರು ಏರುತ್ತಾರೆ. ವ್ಯತ್ಯಾಸ ಇಷ್ಟೇ.

ನೃತ್ಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆ ಸಂಜೆಯ ಸೊಬಗನ್ನು ವರ್ಣಿಸುತ್ತಾರೆ. ನಾವು ಇಲ್ಲಿ ಬೇರೊಂದು ಪ್ರಶ್ನೆ ಹಾಕಿಕೊಳ್ಳೋಣ. ಆ ಸಂಜೆ ಯಾರದು? ಕುಣಿಯುವ ಹುಡುಗಿಯದೇ, ಗುರುವಿನದೇ, ದೇವಸ್ಥಾನದ್ದೇ, ಅರಮನೆಯದೇ ಅಥವಾ ಹಣ ಖರ್ಚು ಮಾಡಿದ ತಂದೆತಾಯಿಯರದೇ? ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರವಿತ್ತು. ರಂಗಪ್ರವೇಶದ ಚರಿತ್ರೆ ಎಂದರೆ ಆ ಉತ್ತರ ಬದಲಾಗುತ್ತ ಬಂದ ಚರಿತ್ರೆಯೇ.

ಕರಿಕೆಯಿಂದ ನೋಡಿದರೆ

ಮೊದಲು ಕೊಡಗಿನ ಒಂದು ಅಂಚಿನಲ್ಲಿ ನಿಲ್ಲೋಣ. ಭಾಗಮಂಡಲದಿಂದ ಕಾಡಿನ ನಡುವೆ ಘಟ್ಟ ಇಳಿಯುತ್ತ ಹೋಗುವ ರಸ್ತೆಯಲ್ಲಿ ಕರಿಕೆ ಸಿಗುತ್ತದೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕೇರಳದ ಕಾಸರಗೋಡು ಜಿಲ್ಲೆಯ ಪಾಣತ್ತೂರು. ಕನ್ನಡ, ಅರೆಭಾಷೆ, ಮಲಯಾಳ ಮೂರೂ ಕಿವಿಗೆ ಬೀಳುವ ಊರು ಇದು. ಇಲ್ಲಿ ನಿಂತು ಸುತ್ತ ನೋಡಿದರೆ ಕುಣಿತಕ್ಕೇನೂ ಕೊರತೆಯಿಲ್ಲ. ಆದರೆ ನಾವು ಹುಡುಕುತ್ತಿರುವ 'ಮೊದಲ ಸಂಜೆ' ಮಾತ್ರ ಕಾಣುವುದಿಲ್ಲ.

ಮೇಲಕ್ಕೆ, ಕೊಡವರ ನಾಡಿನತ್ತ ನೋಡಿ. ಬೊಳಕಾಟ್‌ನಲ್ಲಿ ಗಂಡಸರು ದೀಪದ ಸುತ್ತ ಚವರಿ ಹಿಡಿದು ಕುಣಿಯುತ್ತಾರೆ. ಉಮ್ಮತ್ತಾಟ್‌ನಲ್ಲಿ ಹೆಂಗಸರು ತಾಳ ತಟ್ಟುತ್ತ ವೃತ್ತಾಕಾರವಾಗಿ ಸುತ್ತುತ್ತಾರೆ. ನಡುವೆ ನೀರಿನ ಕೊಡ ಹಿಡಿದು ನಿಲ್ಲುವವಳು ಕಾವೇರಿಯ ಪ್ರತೀಕ. ಈ ಕುಣಿತಗಳಿಗೆ ಹೊಸಬಳು ಬಂದರೆ ವೃತ್ತ ಸ್ವಲ್ಪ ದೊಡ್ಡದಾಗುತ್ತದೆ, ಅಷ್ಟೆ. ಅವಳೊಬ್ಬಳನ್ನೇ ಯಾರೂ ನಿಲ್ಲಿಸಿ ನೋಡುವುದಿಲ್ಲ.

ಈಗ ಕೆಳಕ್ಕೆ, ಸುಳ್ಯ ಮತ್ತು ಕಾಸರಗೋಡಿನತ್ತ ತಿರುಗಿ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಹೊಸ ಹುಡುಗ ಪೂರ್ವರಂಗದ ಕೋಡಂಗಿಯಾಗಿ ಗೆಜ್ಜೆ ಕಟ್ಟುತ್ತಾನೆ. ಆಮೇಲೆ ಬಾಲಗೋಪಾಲ, ಮುಂದೆ ಸಣ್ಣಪುಟ್ಟ ವೇಷಗಳು, ಯೋಗ್ಯತೆಯಿದ್ದರೆ ಮುಖ್ಯ ವೇಷ. ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಉತ್ತರ ಮಲಬಾರಿನ ತೆಯ್ಯಂ ಮನೆತನಗಳಲ್ಲೂ ಹೀಗೆಯೇ. ಮಳೆಗಾಲದ ಕರ್ಕಾಟಕ ತಿಂಗಳಲ್ಲಿ ಚಿಕ್ಕ ಹುಡುಗರು ಆಡಿ, ವೇಡನ್ ವೇಷ ಕಟ್ಟಿ ಮನೆಮನೆಗೆ ಹೋಗುತ್ತಾರೆ. ದೊಡ್ಡ ಮುಡಿ ತಲೆಗೇರುವುದಕ್ಕೆ ಎಷ್ಟೋ ವರ್ಷ ಬೇಕು.

ಅಂದರೆ ಕಲಾವಿದನೊಬ್ಬನನ್ನು ಬೆಳೆಸಲು ಒಂದು ಸಮಾಜಕ್ಕೆ ರಂಗಪ್ರವೇಶ ಬೇಕೇ ಬೇಕು ಎಂದೇನಿಲ್ಲ. ಹಾಗಿದ್ದ ಮೇಲೆ, ಒಬ್ಬಳೇ ಹುಡುಗಿಯನ್ನು ಒಂದು ನಿಶ್ಚಿತ ದಿನ ಎಲ್ಲರ ಮುಂದೆ ನಿಲ್ಲಿಸುವ ಪದ್ಧತಿ ಎಲ್ಲಿಂದ ಬಂತು? ಅದರ ಹಳೆಯ, ವಿವರವಾದ ಚಿತ್ರವೊಂದು ತಮಿಳಿನ ಮಹಾಕಾವ್ಯದಲ್ಲಿದೆ.

ಮಾಧವಿಯ ರಂಗ, ಮಾಧವಿಯ ಬೆಲೆ

ಇಳಂಗೋ ಅಡಿಗಳ್ ರಚಿಸಿದ 'ಶಿಲಪ್ಪದಿಕಾರಂ' ಕಾವ್ಯದ ಮೂರನೆಯ ಅಧ್ಯಾಯದ ಹೆಸರೇ ಅರಂಗೇಟ್ರದ ಕಥೆ. ಮಾಧವಿ ಎಂಬ ಹುಡುಗಿ ಐದನೆಯ ವಯಸ್ಸಿನಲ್ಲಿ ಕಲಿಕೆ ಆರಂಭಿಸುತ್ತಾಳೆ. ಏಳು ವರ್ಷ ಅಭ್ಯಾಸ ಮಾಡಿ, ಹನ್ನೆರಡನೆಯ ವಯಸ್ಸಿನಲ್ಲಿ ಚೋಳರಾಜನ ಮುಂದೆ ನರ್ತಿಸುತ್ತಾಳೆ. ಅವಳ ನೃತ್ಯಗುರು, ಗಾಯಕ, ಮದ್ದಳೆ ವಾದಕ, ಕೊಳಲು ವಾದಕ, ವೀಣಾವಾದಕ ಒಬ್ಬೊಬ್ಬರಿಗೂ ಏನೇನು ತಿಳಿದಿರಬೇಕು ಎಂಬುದನ್ನು ಕವಿ ಬಿಡಿಸಿ ಹೇಳುತ್ತಾನೆ.

ವಿಜ್ಞಾನದ ವಿದ್ಯಾರ್ಥಿಗಳು ಇನ್ನೊಂದು ವಿವರವನ್ನು ಗಮನಿಸಬೇಕು. ರಂಗದ ಅಳತೆಯನ್ನೂ ಕವಿ ಕೊಟ್ಟಿದ್ದಾನೆ. ಬಿದಿರಿನ ಕೋಲೊಂದೇ ಅಳತೆಗೋಲು. ಒಂದು ಕೋಲಿಗೆ 24 ಅಂಗುಲ. ರಂಗದ ಅಗಲ 7 ಕೋಲು, ಉದ್ದ 8 ಕೋಲು, ಎತ್ತರ 1 ಕೋಲು. ಅಂಗುಲವೆಂದರೆ ಹೆಬ್ಬೆರಳಿನ ಅಗಲ. ಅದನ್ನು ಎರಡರಿಂದ ಎರಡೂವರೆ ಸೆಂಟಿಮೀಟರ್ ಎಂದುಕೊಂಡರೆ ಒಂದು ಕೋಲು 48ರಿಂದ 60 ಸೆಂಟಿಮೀಟರ್ ಆಗುತ್ತದೆ. ಆಗ ರಂಗದ ಅಗಲ ಸುಮಾರು ಮೂರೂವರೆಯಿಂದ ನಾಲ್ಕು ಮೀಟರ್, ಉದ್ದ ನಾಲ್ಕರಿಂದ ಐದು ಮೀಟರಿನೊಳಗೆ. ನಿಮ್ಮ ತರಗತಿಯ ಕೋಣೆ ಇದಕ್ಕಿಂತ ದೊಡ್ಡದಾಗಿರಬಹುದು! ಒಬ್ಬಳೇ ನರ್ತಕಿಯ ಕಣ್ಣಿನ ಚಲನೆ ನೋಡುಗರಿಗೆ ಕಾಣಬೇಕಾದರೆ ಇಷ್ಟೇ ಜಾಗ ಸರಿ. ಮೂರು ಬಗೆಯ ಪರದೆಗಳಿದ್ದವು. ಕಂಬಗಳ ನೆರಳು ರಂಗದ ಮೇಲೆ ಬೀಳದಂತೆ ದೀಪಗಳನ್ನು ಇಟ್ಟಿದ್ದರು ಎಂಬ ಮಾತೂ ಇದೆ. ದೂರದರ್ಶನದ ಸ್ಟುಡಿಯೋದಲ್ಲಿ ದೀಪ ಹೊಂದಿಸುವವರು ಮಾಡುವ ಮೊದಲ ಕೆಲಸವೂ ಅದೇ, ಬೇಡದ ನೆರಳನ್ನು ರಂಗದಾಚೆಗೆ ಕಳಿಸುವುದು.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮಾಧವಿಗೆ ರಾಜನ ಮನ್ನಣೆ ದೊರೆಯುತ್ತದೆ, 'ತಲೈಕ್ಕೋಲ್' ಎಂಬ ಗೌರವವೂ ಸಿಗುತ್ತದೆ. ಅದರ ಬೆನ್ನಿಗೇ ಅವಳ ಮಾಲೆಯನ್ನು ನಗರದ ಬೀದಿಯಲ್ಲಿ ಮಾರಾಟಕ್ಕೆ ಒಯ್ಯುತ್ತಾರೆ. 1008 ಕಳಂಜು ಹೊನ್ನು ಕೊಟ್ಟು ಮಾಲೆ ಕೊಂಡವನು ಮಾಧವಿಗೆ ಒಡೆಯ. ಕೋವಲನ್ ಕೊಳ್ಳುತ್ತಾನೆ, ಕಣ್ಣಗಿಯ ದುಃಖದ ಕಥೆ ಅಲ್ಲಿಂದ ಶುರುವಾಗುತ್ತದೆ. ಏಳು ವರ್ಷದ ವಿದ್ಯೆಯನ್ನು ಲೋಕಕ್ಕೆ ತೋರಿಸಿದ ದಿನವೇ ಹುಡುಗಿಗೆ ಬೆಲೆ ಕಟ್ಟಿದ ದಿನವೂ ಆಯಿತು. ಈ ಎರಡು ಮುಖಗಳನ್ನು ನೆನಪಿನಲ್ಲಿಡಿ. ಮುಂದಿನ ನೂರಾರು ವರ್ಷ ಇವು ಜೊತೆಜೊತೆಯಾಗಿಯೇ ಬಂದವು.

ದೇವಸ್ಥಾನ ಮತ್ತು ಗೆಜ್ಜೆ

ಚೋಳರ ರಾಜರಾಜನು ತಂಜಾವೂರಿನ ದೊಡ್ಡ ದೇವಾಲಯವನ್ನು ಕಟ್ಟಿಸಿದಾಗ, ಬೇರೆ ಬೇರೆ ದೇವಸ್ಥಾನಗಳಿಂದ 400 ಮಂದಿ ಸ್ತ್ರೀಯರನ್ನು ಸೇವೆಗಾಗಿ ಅಲ್ಲಿಗೆ ಕರೆತಂದ ಸಂಗತಿ ಹನ್ನೊಂದನೆಯ ಶತಮಾನದ ಆದಿಯ ಶಾಸನದಲ್ಲಿದೆ. ಒಬ್ಬೊಬ್ಬರಿಗೂ ಒಂದು ಮನೆ, ವರ್ಷಕ್ಕೆ 100 ಕಲಂ ಭತ್ತ. ಇದು ಭಿಕ್ಷೆಯಲ್ಲ, ಉದ್ಯೋಗದ ಸಂಬಳ. ಕನ್ನಡ ನಾಡಿನಲ್ಲೂ ದೇವಾಲಯ ಮತ್ತು ಅರಮನೆ ಎರಡೂ ನೃತ್ಯವನ್ನು ಸಾಕಿದವು. ಹೊಯ್ಸಳ ರಾಣಿ ಶಾಂತಲೆಯ ಗೀತ, ವಾದ್ಯ, ನೃತ್ಯ ಪ್ರಾವೀಣ್ಯವನ್ನು ಶಾಸನಗಳು ಹೊಗಳುತ್ತವೆ. ಅವಳ ಕಾಲದಲ್ಲೇ, 1117ರಲ್ಲಿ, ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೀವು ಪ್ರವಾಸದಲ್ಲಿ ನೋಡಿರುತ್ತೀರಿ.

ಕಾಲಕ್ರಮದಲ್ಲಿ ಹುಡುಗಿಯೊಬ್ಬಳನ್ನು ದೇವರಿಗೆ ಒಪ್ಪಿಸುವ ವಿಧಿಗೆ ಕನ್ನಡದಲ್ಲಿ 'ಗೆಜ್ಜೆಪೂಜೆ' ಎಂಬ ಹೆಸರು ನಿಂತಿತು. ಪೂಜೆ ಮಾಡಿದ ಗೆಜ್ಜೆಯನ್ನು ಕಾಲಿಗೆ ಕಟ್ಟಿದ ಮೇಲೆ ಅವಳಿಗೆ ಮದುವೆಯಿಲ್ಲ. ಅವಳ ಬದುಕಿನ ದಾರಿ ಅಂದೇ ತೀರ್ಮಾನವಾಯಿತು. ತೀರ್ಮಾನಿಸಿದವರು ಹಿರಿಯರು, ಹುಡುಗಿಯಲ್ಲ. ಇದೇ ವ್ಯವಸ್ಥೆಯಲ್ಲಿ ಈ ಸ್ತ್ರೀಯರಿಗೆ ಅಂದಿನ ಗೃಹಿಣಿಯರಿಗಿಲ್ಲದ ಕೆಲವು ಅನುಕೂಲಗಳೂ ಇದ್ದವು ಎಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು. ಅವರು ಓದುಬರಹ ಕಲಿತರು, ಸಂಗೀತ ಕಲಿತರು, ಆಸ್ತಿ ಹೊಂದಿದರು. ಆದರೆ ಆಶ್ರಯ ಕೊಡುತ್ತಿದ್ದ ರಾಜರು, ದೇವಸ್ಥಾನಗಳು ಬಡವಾದಂತೆ ಅನುಕೂಲಗಳು ಹೋಗಿ ಶೋಷಣೆ ಮಾತ್ರ ಉಳಿಯುವ ಸ್ಥಿತಿ ಬಂತು. ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ' ಕಾದಂಬರಿ ಮತ್ತು ಪುಟ್ಟಣ್ಣ ಕಣಗಾಲರು ಅದರಿಂದ ಮಾಡಿದ ಚಲನಚಿತ್ರದಲ್ಲಿ ಈ ಪದ ಒಬ್ಬ ಹುಡುಗಿಗೆ ಎಂಥ ಭಯ ಹುಟ್ಟಿಸುತ್ತದೆ ಎಂಬುದನ್ನು ಕಾಣಬಹುದು.

ನಾಲ್ವರು ಸೋದರರು ಕಟ್ಟಿದ ಕ್ರಮ

ಇಂದಿನ ರಂಗಪ್ರವೇಶದಲ್ಲಿ ನೀವು ನೋಡುವ ನೃತ್ಯಗಳ ಕ್ರಮ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ರೂಪುಗೊಂಡಿತು. ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ನಾಲ್ವರು ಸೋದರರು ಇದಕ್ಕೆ ಕಾರಣರು. ತಂಜಾವೂರು ಸೋದರರು ಎಂದೇ ಅವರು ಪ್ರಸಿದ್ಧರು. ಅವರಲ್ಲಿ ವಡಿವೇಲು ತಿರುವಾಂಕೂರಿನ ಸ್ವಾತಿ ತಿರುನಾಳರ ಆಸ್ಥಾನಕ್ಕೆ ಹೋದರು. ಹಿರಿಯರಾದ ಚಿನ್ನಯ್ಯನವರು ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. ಹೀಗೆ ತಂಜಾವೂರಿನ ವಿದ್ಯೆಯ ಒಂದು ಕವಲು ಕನ್ನಡ ನಾಡಿಗೆ ನೇರವಾಗಿ ಹರಿಯಿತು.

ಈ ಕ್ರಮಕ್ಕೆ 'ಮಾರ್ಗ' ಎಂದು ಹೆಸರು. ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನ ಎಂದು ಅದು ಸಾಗುತ್ತದೆ. ಈ ಜೋಡಣೆಯಲ್ಲಿ ದೇಹಶಾಸ್ತ್ರದ ಒಂದು ಜಾಣತನವಿದೆ. ಅಲರಿಪುವಿನಲ್ಲಿ ಕಥೆಯಿಲ್ಲ. ಮೊದಲು ಕಣ್ಣು, ಆಮೇಲೆ ಕುತ್ತಿಗೆ, ಭುಜ, ಕೈ, ಕಾಲು ಹೀಗೆ ಅಂಗಗಳು ಒಂದೊಂದಾಗಿ ಅರಳುತ್ತವೆ. ಓಟಗಾರ ಓಡುವ ಮುನ್ನ ಮೈ ಬಿಸಿ ಮಾಡಿಕೊಳ್ಳುವ ಹಾಗೆ. ಜತಿಸ್ವರದಲ್ಲಿ ಸಂಗೀತದ ಸ್ವರಗಳು ಬಂದು ಸೇರುತ್ತವೆ. ಶಬ್ದದಲ್ಲಿ ಮೊದಲ ಬಾರಿಗೆ ಸಾಹಿತ್ಯ, ಅದರೊಂದಿಗೆ ಅಭಿನಯ.

ವರ್ಣವೇ ನಿಜವಾದ ಪರೀಕ್ಷೆ. ಅರ್ಧ ಗಂಟೆ, ಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹೊತ್ತು ನಡೆಯುವ ಈ ಒಂದೇ ನೃತ್ಯದಲ್ಲಿ ಕಾಲಿನ ಲೆಕ್ಕವೂ ಮುಖದ ಭಾವವೂ ಸರದಿಯಂತೆ ಬರುತ್ತವೆ. ಆರಂಭದ ತ್ರಿಕಾಲ ಜತಿಯನ್ನೇ ತೆಗೆದುಕೊಳ್ಳಿ. ತಾಳದ ಹೊಡೆತ ಬದಲಾಗುವುದಿಲ್ಲ. ಅದೇ ಒಂದು ಹೊಡೆತದೊಳಗೆ ಮೊದಲ ಕಾಲದಲ್ಲಿ ಒಂದು ಹೆಜ್ಜೆಯಿದ್ದರೆ, ಎರಡನೆಯ ಕಾಲದಲ್ಲಿ ಎರಡು, ಮೂರನೆಯ ಕಾಲದಲ್ಲಿ ನಾಲ್ಕು. ಇದು ಎರಡರ ಘಾತದ ಗಣಿತ. ಹುಡುಗಿ ಇದನ್ನು ಅರೆಮಂಡಿಯಲ್ಲಿ, ಅಂದರೆ ಮೊಣಕಾಲು ಬಾಗಿಸಿ ಕುಳಿತಂತಿರುವ ನಿಲುವಿನಲ್ಲಿ, ಮಾಡಿ ಮುಗಿಸಿ, ಮರುಕ್ಷಣ ಏದುಸಿರು ತೋರದೆ ನಾಯಕಿಯ ವಿರಹವನ್ನು ಅಭಿನಯಿಸಬೇಕು. ವರ್ಣದ ದಣಿವಿನ ನಂತರ ಬರುವ ಪದ, ಜಾವಳಿಗಳಲ್ಲಿ ಓಟವಿಲ್ಲ, ಭಾವವೇ ಪ್ರಧಾನ. ಕೊನೆಗೆ ತಿಲ್ಲಾನದ ವೇಗ. ಪ್ರಸಿದ್ಧ ನರ್ತಕಿ ಬಾಲಸರಸ್ವತಿಯವರು ಈ ಇಡೀ ಕ್ರಮವನ್ನು ದೇವಾಲಯಕ್ಕೆ ಹೋಲಿಸಿದ್ದರು. ಅಲರಿಪು ಗೋಪುರ, ಮಂಟಪಗಳನ್ನು ದಾಟಿ ಒಳಗೆ ಹೋದಂತೆ ಗರ್ಭಗುಡಿಯ ಸನ್ನಿಧಿ ಎಂಬುದು ಅವರ ಭಾವ.

ಕಡೂರಿನ ತಾಂಡಾದಿಂದ ಮೈಸೂರಿನ ಅರಮನೆಗೆ

ಈಗ ನಮ್ಮ ರಾಜ್ಯದ ಒಬ್ಬ ಹುಡುಗಿಯ ಕಥೆಗೆ ಬರೋಣ. ಮೈಸೂರು ಆಸ್ಥಾನದಲ್ಲಿ ಜಟ್ಟಿ ತಾಯಮ್ಮ (1857–1947) ಎಂಬ ದೊಡ್ಡ ಕಲಾವಿದೆಯಿದ್ದರು. ಅವರ ತಂದೆ ದಾಸಪ್ಪ ಅರಮನೆಯ ಜಟ್ಟಿ, ಅಂದರೆ ಕುಸ್ತಿಪಟು. ತಾಯಮ್ಮನವರ ಹೆಸರು ಬೆಳೆದದ್ದು ಅಭಿನಯದಿಂದ. ಅಮರುಶತಕದಂತಹ ಸಂಸ್ಕೃತ ಶ್ಲೋಕಗಳು, ಅಷ್ಟಪದಿ, ಜಾವಳಿ ಇವುಗಳ ಒಂದೊಂದು ಸಾಲನ್ನೂ ಹತ್ತಾರು ಬಗೆಯಲ್ಲಿ ಬಿಡಿಸಿ ತೋರಿಸುವುದು ಮೈಸೂರು ಶೈಲಿಯ ಹೆಗ್ಗಳಿಕೆ. ಅದಕ್ಕೆ ಪಂಡಿತರ ಬಳಿ ಸಂಸ್ಕೃತವನ್ನೂ ಕಲಿಯಬೇಕಿತ್ತು.

ಕಡೂರು ತಾಲ್ಲೂಕಿನ ತಂಗಲಿ ತಾಂಡಾದ ಲಂಬಾಣಿ ಕುಟುಂಬವೊಂದರಲ್ಲಿ 1906ರಲ್ಲಿ ವೆಂಕಟಲಕ್ಷಮ್ಮ ಹುಟ್ಟಿದರು. ಎಂಟನೆಯ ವಯಸ್ಸಿನಲ್ಲಿ ಅಜ್ಜ ಅಜ್ಜಿ ಅವರನ್ನು ತಾಯಮ್ಮನವರಲ್ಲಿ ಕಲಿಯಲು ಸೇರಿಸಿದರು. ನೃತ್ಯದ ಜೊತೆಗೆ ವಿದ್ವಾಂಸರಿಂದ ಸಂಸ್ಕೃತ ಮತ್ತು ಕರ್ನಾಟಕ ಸಂಗೀತದ ಪಾಠವೂ ಆಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಅವರ ರಂಗಪ್ರವೇಶ. ಮಾಧವಿಯ ವಯಸ್ಸೂ ಹನ್ನೆರಡೇ ಆಗಿತ್ತು ಎಂಬುದನ್ನು ಗಮನಿಸಿ.

ಆದರೆ ಇಬ್ಬರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಮೈಸೂರು ಸರ್ಕಾರ 1909ರಲ್ಲಿಯೇ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ವೆಂಕಟಲಕ್ಷಮ್ಮ ರಂಗವೇರುವ ಹೊತ್ತಿಗೆ ಆ ಆಜ್ಞೆ ಬಂದು ಸುಮಾರು ಒಂಬತ್ತು ವರ್ಷವಾಗಿತ್ತು. ಆ ದೇವಸ್ಥಾನಗಳ ಬಾಗಿಲು ಮುಚ್ಚಿತ್ತು, ಅರಮನೆಯ ಬಾಗಿಲು ತೆರೆದಿತ್ತು. ಮುಂದೆ ಸುಮಾರು ಮೂವತ್ತು ವರ್ಷ ಅವರು ಗುರುವಿನ ಜೊತೆಯಲ್ಲೇ ನರ್ತಿಸಿದರು. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ರಂಗಪ್ರವೇಶಕ್ಕೂ ಈ ಪದವಿಗೂ ನಡುವೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚಿನ ಅಂತರವಿದೆ. ಮೊದಲ ಸಂಜೆ ಅವರ ಕಲಿಕೆಯನ್ನು ಮುಗಿಸಲಿಲ್ಲ ಎಂಬುದಕ್ಕೆ ಈ ಅಂತರವೇ ಸಾಕ್ಷಿ.

ಮದರಾಸಿನಲ್ಲಿ ಮೂರು ಸಂಜೆಗಳು

ಅದೇ ಕಾಲದಲ್ಲಿ ಮದರಾಸು ಪ್ರಾಂತದಲ್ಲಿ ದೊಡ್ಡ ಚರ್ಚೆ ನಡೆದಿತ್ತು. ನರ್ತಕಿಯರನ್ನು ಕರೆಸುವುದನ್ನೇ ನಿಲ್ಲಿಸಬೇಕೆಂಬ ಚಳವಳಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಲಗೊಂಡಿತು. ವೈದ್ಯೆಯೂ ಶಾಸನಸಭೆಯ ಸದಸ್ಯೆಯೂ ಆಗಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಬಾಲಕಿಯರನ್ನು ದೇವಸ್ಥಾನಕ್ಕೆ ಒಪ್ಪಿಸುವುದನ್ನು ಕಾನೂನಿನಿಂದ ತಡೆಯಲು ಹೋರಾಡಿದರು. ವಕೀಲ ಇ. ಕೃಷ್ಣ ಅಯ್ಯರ್ ಕಲೆಯನ್ನು ಉಳಿಸಬೇಕೆಂದು ವಾದಿಸಿದರು. ಒಬ್ಬರಿಗೆ ಹುಡುಗಿಯ ಚಿಂತೆ, ಇನ್ನೊಬ್ಬರಿಗೆ ವಿದ್ಯೆಯ ಚಿಂತೆ. ಎರಡೂ ಸುಳ್ಳಲ್ಲ.

ಈ ಚರ್ಚೆಯನ್ನು ಮೂರು ಸಂಜೆಗಳ ಮೂಲಕ ಅರ್ಥಮಾಡಿಕೊಳ್ಳಬಹುದು. ಮೊದಲನೆಯದು 1925ರಲ್ಲಿ. ವೀಣೆ ಧನಮ್ಮಾಳ್ ಅವರ ಮೊಮ್ಮಗಳು, ಏಳು ವರ್ಷದ ಬಾಲಸರಸ್ವತಿ, ಕಾಂಚೀಪುರದ ದೇವಸ್ಥಾನವೊಂದರಲ್ಲಿ ಅರಂಗೇಟ್ರಂ ಮಾಡಿದರು. ಗುರು ಕಂದಪ್ಪ ಪಿಳ್ಳೆ ತಂಜಾವೂರು ಸೋದರರ ವಂಶದವರು. ಎರಡನೆಯದು 1931ರಲ್ಲಿ. ಮದರಾಸಿನ ಮ್ಯೂಸಿಕ್ ಅಕಾಡೆಮಿ ಕಲ್ಯಾಣಿ ಸೋದರಿಯರೆಂದು ಹೆಸರಾದ ಪರಂಪರಾಗತ ನರ್ತಕಿಯರ ಕಾರ್ಯಕ್ರಮವನ್ನು ಏರ್ಪಡಿಸಿತು. ದೇವಸ್ಥಾನ, ಮದುವೆಮನೆಗಳ ನೃತ್ಯ ಈಗ ಸಂಗೀತಸಭೆಯ ವೇದಿಕೆಗೆ ಬಂತು. ಮೂರನೆಯದು 1935ರ ಡಿಸೆಂಬರಿನಲ್ಲಿ. ಬ್ರಾಹ್ಮಣ ಕುಟುಂಬದ ರುಕ್ಮಿಣಿ ದೇವಿ ಅರುಂಡೇಲ್, ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಕಲಿತು, ಅಡಿಯಾರಿನ ಥಿಯಾಸಾಫಿಕಲ್ ಸೊಸೈಟಿಯಲ್ಲಿ ನರ್ತಿಸಿದರು. ಆಗ ಅವರ ವಯಸ್ಸು ಮೂವತ್ತು ದಾಟಿತ್ತು. 1936ರಲ್ಲಿ ಅವರು ಕಲಾಕ್ಷೇತ್ರವನ್ನು ಸ್ಥಾಪಿಸಿದರು.

ಮೂರನೆಯ ಸಂಜೆ ನಮ್ಮ ಪ್ರಶ್ನೆಗೆ ಹೊಸ ಉತ್ತರ ಕೊಟ್ಟಿತು. ವಯಸ್ಕ ಹೆಂಗಸೊಬ್ಬಳು ತಾನಾಗಿ ನಿರ್ಧರಿಸಿ, ಕಲಿತು, ಟೀಕೆಗಳ ನಡುವೆ ರಂಗವೇರಬಹುದು. ಮರುದಿನ ಅವಳ ಬದುಕು ಅವಳದಾಗಿಯೇ ಉಳಿಯಬಹುದು. ಆ ಬಾಗಿಲಿನಿಂದ ಮಧ್ಯಮವರ್ಗದ ಸಾವಿರಾರು ಹುಡುಗಿಯರು ಒಳಬಂದರು. ಹುಡುಗರೂ ಬಂದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಪ್ರೊ. ಯು.ಎಸ್. ಕೃಷ್ಣರಾವ್ ಅದೇ ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯರಾಗಿ, ಪತ್ನಿ ಚಂದ್ರಭಾಗಾ ದೇವಿಯವರೊಂದಿಗೆ ಹೆಸರಾಂತ ನರ್ತಕರಾದರು. ವಿಜ್ಞಾನ ಓದಿದವರಿಗೆ ನೃತ್ಯವೇಕೆ ಎಂದು ಕೇಳುವವರಿಗೆ ಅವರ ಬದುಕೇ ಉತ್ತರ.

ಲಾಭದ ಜೊತೆಗೆ ನಷ್ಟವನ್ನೂ ಬರೆದಿಡುವುದು ಇತಿಹಾಸದ ಧರ್ಮ. ಬಾಲಕಿಯರನ್ನು ದೇವಸ್ಥಾನಕ್ಕೆ ಒಪ್ಪಿಸುವುದನ್ನು ನಿಷೇಧಿಸುವ ಕಾಯ್ದೆ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದರಾಸಿನಲ್ಲಿ 1947ರಲ್ಲಿ ಬಂತು. ಇಡೀ ಕರ್ನಾಟಕಕ್ಕೆ ಅನ್ವಯಿಸುವಂತೆ ನಮ್ಮ ರಾಜ್ಯ 1982ರ ಕಾಯ್ದೆಯನ್ನು ಮಾಡಿತು. ಈ ಕಾನೂನುಗಳು ಬೇಕಾಗಿದ್ದವು, ಸಂದೇಹವಿಲ್ಲ. ಆದರೆ ತಲೆಮಾರುಗಳಿಂದ ಈ ವಿದ್ಯೆಯನ್ನು ಕಾಪಾಡಿದ್ದ ಕುಟುಂಬಗಳ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಹೊಸ ವೇದಿಕೆಯಲ್ಲಿ ಜಾಗ ಸಿಗಲಿಲ್ಲ. ನೃತ್ಯಕ್ಕೆ ಗೌರವ ಬಂತು, ನೃತ್ಯವನ್ನು ಕೊಟ್ಟವರಿಗೆ ಅಷ್ಟು ಗೌರವ ಬರಲಿಲ್ಲ. ಬಾಲಸರಸ್ವತಿಯವರಂತೆ ಲೋಕಪ್ರಸಿದ್ಧರಾದವರು ಕೆಲವರೇ.

ಅರಮನೆಯಿಂದ ವಿಶ್ವವಿದ್ಯಾನಿಲಯಕ್ಕೆ

1956ರ ನವೆಂಬರ್ 1ರಂದು ಕೊಡಗು ರಾಜ್ಯ ಮೈಸೂರಿನೊಂದಿಗೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಕರಿಕೆ ಮತ್ತು ಪಾಣತ್ತೂರುಗಳ ನಡುವೆ ಈಗಿರುವ ರಾಜ್ಯಗಡಿ ಹೀಗೆ ಉಂಟಾಯಿತು. ಆ ದಿನದಿಂದ ಮೈಸೂರಿನ ನೃತ್ಯಪರಂಪರೆ ಕೊಡಗಿನ ಮಕ್ಕಳಿಗೂ ತಮ್ಮದೇ ರಾಜ್ಯದ ಸೊತ್ತಾಯಿತು. ಆದರೆ ರಾಜರ ಆಳ್ವಿಕೆ ಮುಗಿದ ಮೇಲೆ ಆಸ್ಥಾನದ ಕಲೆಗೆ ನೆಲೆ ಎಲ್ಲಿ?

1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅದರ ಮೊದಲ ರೀಡರ್ ಆಗಿ ಬಂದವರು ವೆಂಕಟಲಕ್ಷಮ್ಮ. ಹನ್ನೆರಡನೆಯ ವಯಸ್ಸಿನಲ್ಲಿ ಗೆಜ್ಜೆ ಕಟ್ಟಿದ ತಾಂಡಾದ ಹುಡುಗಿ ಈಗ ಪದವಿ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಅಧ್ಯಾಪಕಿ. 1974ರಲ್ಲಿ ನಿವೃತ್ತರಾದರು. 1977ರಲ್ಲಿ ಅದೇ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 1992ರಲ್ಲಿ ಪದ್ಮಭೂಷಣ, ಅನಂತರ ರಾಜ್ಯದ ನಾಟ್ಯರಾಣಿ ಶಾಂತಲಾ ಪ್ರಶಸ್ತಿ ಬಂದವು. 2002ರ ಜುಲೈನಲ್ಲಿ ಅವರು ತೀರಿಕೊಂಡರು. ಮಾಧವಿಯ ಮಾಲೆಗೆ ಬೀದಿಯಲ್ಲಿ ಬೆಲೆ ಕಟ್ಟಿದ್ದರು. ವೆಂಕಟಲಕ್ಷಮ್ಮನವರ ವಿದ್ಯೆಗೆ ನಾಡು ತಲೆಬಾಗಿತು. ಎರಡು ರಂಗಪ್ರವೇಶಗಳ ನಡುವೆ ಸಮಾಜ ನಡೆದ ದೂರ ಅಷ್ಟು.

ಇಂದಿನ ಸಂಜೆ ಮತ್ತು ನೀವು

ಗೆಜ್ಜೆಪೂಜೆ ಇಂದಿಗೂ ಇದೆ, ಆದರೆ ಅರ್ಥ ಪೂರ್ತಿ ಬೇರೆ. ರಂಗಪ್ರವೇಶಕ್ಕೆ ಮುಂಚೆ ಗುರುವಿನ ಎದುರಿಗೆ ಗೆಜ್ಜೆಯನ್ನು ಪೂಜಿಸಿ ಕಾಲಿಗೆ ಕಟ್ಟಿಕೊಳ್ಳುವ ಸಣ್ಣ ಸಮಾರಂಭ ಅದು. ಮರುದಿನ ಹುಡುಗಿ ಶಾಲೆಗೆ ಹೋಗುತ್ತಾಳೆ, ಪರೀಕ್ಷೆ ಬರೆಯುತ್ತಾಳೆ, ಎಂಜಿನಿಯರೋ ವೈದ್ಯೆಯೋ ಆಗುತ್ತಾಳೆ. ಒಂದು ಕಾಲಕ್ಕೆ ದಾರಿಯನ್ನು ಮುಚ್ಚುತ್ತಿದ್ದ ಪದ ಈಗ ದಾರಿಯನ್ನು ಮುಚ್ಚುವುದಿಲ್ಲ. ಪದ ಹಳೆಯದೇ ಉಳಿದು ಅರ್ಥ ಬದಲಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಆದರೆ ಹೊಸ ಒಡೆಯರೂ ಬಂದಿದ್ದಾರೆ. ಸಭಾಂಗಣದ ಬಾಡಿಗೆ, ಹಿಮ್ಮೇಳದವರ ಸಂಭಾವನೆ, ರೇಷ್ಮೆ ಉಡುಪು, ಒಡವೆ, ವೀಡಿಯೋ, ಊಟ, ಅತಿಥಿಗಳ ಸನ್ಮಾನ ಎಲ್ಲ ಸೇರಿ ಕೆಲವು ರಂಗಪ್ರವೇಶಗಳು ಮದುವೆಮನೆಯಂತೆ ಆಗಿಬಿಟ್ಟಿವೆ. ಅಮೆರಿಕದ ಕನ್ನಡ ಕುಟುಂಬಗಳಲ್ಲೂ ಬೇಸಿಗೆ ರಜೆಯ ರಂಗಪ್ರವೇಶ ಒಂದು ದೊಡ್ಡ ಸಂಭ್ರಮ. ಸಂಭ್ರಮ ತಪ್ಪಲ್ಲ. ಆದರೆ ಮುಂದಿನ ಸಾಲಿನಲ್ಲಿ ಕುಳಿತವರೆಲ್ಲ ನೆಂಟರಿಷ್ಟರೇ ಆದರೆ ತಾಳ ತಪ್ಪಿದ್ದನ್ನು ಹೇಳುವವರು ಯಾರು? ಹಿಂದೆ ಆ ಸಂಜೆ ತಿಳಿದವರ ಮುಂದಿನ ಪರೀಕ್ಷೆಯಾಗಿತ್ತು. ಪರೀಕ್ಷೆ ಹೋಗಿ ಪ್ರದರ್ಶನ ಮಾತ್ರ ಉಳಿದರೆ ನಷ್ಟ ಹುಡುಗಿಗೇ. ಎಷ್ಟೋ ಮಂದಿ ಗೆಜ್ಜೆ ಬಿಚ್ಚಿಡುವುದು ರಂಗಪ್ರವೇಶದ ಮರುವರ್ಷವೇ ಎಂಬುದು ಗುರುಗಳೆಲ್ಲ ಹೇಳುವ ನೋವಿನ ಮಾತು. ಇದಕ್ಕೆ ಪ್ರತಿಯಾಗಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳ ದಾರಿಯೂ ನಮ್ಮ ರಾಜ್ಯದಲ್ಲಿದೆ. ಅದು ಯಕ್ಷಗಾನದ ಹುಡುಗನ ಮೆಟ್ಟಿಲುಗಳನ್ನೇ ನೆನಪಿಸುತ್ತದೆ.

ನಮ್ಮ ಮಾಧ್ಯಮದ ಒಂದು ಮಿತಿಯನ್ನೂ ಹೇಳಬೇಕು. ನೃತ್ಯವನ್ನು ತೆರೆಯ ಮೇಲೆ ತರುವಾಗ ನಿರ್ಮಾಪಕನಿಗೆ ಪ್ರತಿ ಕ್ಷಣವೂ ಇಕ್ಕಟ್ಟು. ಮುಖವನ್ನು ಹತ್ತಿರದಿಂದ ತೋರಿಸಿದರೆ ಕಾಲು ಕಾಣದು, ಇಡೀ ದೇಹವನ್ನು ತೋರಿಸಿದರೆ ಕಣ್ಣು ಕಾಣದು. ನೇರವಾಗಿ ಕುಳಿತು ನೋಡುವವರಿಗೆ ಈ ಎರಡೂ ಒಟ್ಟಿಗೆ ದಕ್ಕುತ್ತವೆ. ಆದ್ದರಿಂದ ತೆರೆಯ ಮೇಲೆ ನೋಡಿದ್ದಷ್ಟಕ್ಕೆ ತೃಪ್ತರಾಗಬೇಡಿ.

ಮಡಿಕೇರಿಯಲ್ಲೋ ಸುಳ್ಯದಲ್ಲೋ ಮೈಸೂರಿನಲ್ಲೋ ರಂಗಪ್ರವೇಶ ನೋಡುವ ಅವಕಾಶ ಬಂದಾಗ ಕೆಲವನ್ನು ಗಮನಿಸಿ. ಪಕ್ಕದಲ್ಲಿ ಕುಳಿತು ತಾಳ ಹಿಡಿದು ಜತಿ ಹೇಳುವ ನಟುವಾಂಗದವರನ್ನು ನೋಡಿ. ಆ ವಿದ್ಯೆ ಯಾವ ಗುರುವಿನಿಂದ ಬಂತು ಎಂದು ಕೇಳಿ ತಿಳಿಯಿರಿ. ವರ್ಣದ ಮೂರನೆಯ ಕಾಲ ಮುಗಿದ ಕೂಡಲೇ ನರ್ತಕಿಯ ಮುಖವನ್ನು ನೋಡಿ. ಕಾರ್ಯಕ್ರಮ ಮುಗಿದ ಮೇಲೆ, ಮುಂದೆ ಏನು ಕಲಿಯುತ್ತೀಯಮ್ಮ ಎಂದು ಅವಳನ್ನೇ ಕೇಳಿ.

ಇನ್ನು ಕರಿಕೆಯಂತಹ ಊರಿನಲ್ಲಿ ಕುಳಿತು ಇದನ್ನು ಓದುತ್ತಿರುವ, ಕುಣಿಯುವ ಆಸೆಯಿರುವ ಹುಡುಗಿಗೆ ಅಥವಾ ಹುಡುಗನಿಗೆ ಒಂದು ಮಾತು. ನಮ್ಮೂರಿನಲ್ಲಿ ಸಭಾಂಗಣವಿಲ್ಲ, ಗುರುಗಳು ದೂರ, ಅಷ್ಟು ಹಣವಿಲ್ಲ ಎಂದು ನಿಮಗೆ ಅನಿಸಬಹುದು. ಗುರುಗಳು ದೂರವಿರುವುದು ನಿಜವಾದ ತೊಂದರೆಯೇ. ಕಡೂರಿನ ಹುಡುಗಿಯೂ ಮೈಸೂರಿಗೆ ಹೋಗಬೇಕಾಯಿತು. ಆದರೆ ಉಳಿದೆರಡು ಅಷ್ಟು ದೊಡ್ಡವಲ್ಲ. ಮಾಧವಿಗೆ ಬೇಕಾದ ರಂಗ ನಾಲ್ಕು ಮೀಟರ್ ಅಗಲದ್ದು. ಶಾಲೆಯ ಜಗಲಿಯಲ್ಲಿ ಅಷ್ಟು ಜಾಗ ಸಿಕ್ಕೀತು. ಅಲ್ಲಿ ಏಳು ವರ್ಷ ಬಿಡದೆ ಅಭ್ಯಾಸ ಮಾಡುವುದು ಮಾತ್ರ ಕಷ್ಟದ ಕೆಲಸ. ಅದನ್ನು ಯಾರೂ ನಿಮ್ಮ ಪರವಾಗಿ ಮಾಡಿಕೊಡಲಾರರು, ಯಾವ ಹಣದಿಂದಲೂ ಕೊಳ್ಳಲಾಗದು. ಹಾಗೆ ಕಲಿತು ಏರಿದ ರಂಗದ ಮೇಲಿನ ಸಂಜೆ ನಿಮ್ಮದೇ ಆಗಿರುತ್ತದೆ.